ಬಾಣಂತಿಯ ಮನಸ್ಸಿಗೂ ಬಾಣಂತನ ಬೇಕು



ಮಗು ಹುಟ್ಟಿದ ಮನೆಗೆ ಫೋನ್ ಮಾಡಿದವರೆಲ್ಲ ಕೇಳುವುದು, "ಮಗು ಹಾಲು ಕುಡಿಯುತ್ತಾ? ತೂಕ ಎಷ್ಟಾಯ್ತು?" ಬಾಣಂತಿಗೆ "ಊಟ ಆಯ್ತಾ?" ಎನ್ನುತ್ತೇವೆ. "ನಿನ್ನ ಮನಸ್ಸು ಹೇಗಿದೆ?" ಎಂದು ಕೇಳುವವರು ಕಡಿಮೆ.

ಊರಲ್ಲಾದರೆ ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು ಬಾಣಂತನ. ಎಣ್ಣೆ ನೀರು ಹಾಕುವವರು, ರಾತ್ರಿ ಮಗು ಎತ್ತಿಕೊಳ್ಳುವವರು ಇರುತ್ತಾರೆ. ಮುಂಬಯಿ, ಪುಣೆಯ ಫ್ಲ್ಯಾಟಿನಲ್ಲಿ ಹಾಗಲ್ಲ. ಅಮ್ಮ ಒಂದೂವರೆ ತಿಂಗಳಿಗೆ ಊರಿಗೆ ಹೊರಡುತ್ತಾರೆ, ಗಂಡ ಡ್ಯೂಟಿಗೆ ಹೋಗುತ್ತಾನೆ, ಅಕ್ಕಪಕ್ಕದವರ ಭಾಷೆ ಬೇರೆ. ದಿನವಿಡೀ ತಾಯಿ, ಮಗು ಇಬ್ಬರೇ. ಆದ್ದರಿಂದ ಇದು ನಮ್ಮಂಥ ಮನೆಗಳು ತಿಳಿದಿರಲೇಬೇಕಾದ ವಿಷಯ.

*ಮೊದಲ ಎರಡು ವಾರ*

ಹೆರಿಗೆಯಾದ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು, ಸಿಡುಕು, ಗಾಬರಿ ಬರುವುದು ತುಂಬಾ ಸಾಮಾನ್ಯ. ಗರ್ಭಿಣಿಯಾಗಿದ್ದಾಗ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಹೆರಿಗೆಯ ನಂತರ ಒಮ್ಮೆಲೇ ಇಳಿಯುತ್ತವೆ. ಜೊತೆಗೆ ನಿದ್ದೆಗೇಡು. ಇದನ್ನು 'ಬೇಬಿ ಬ್ಲೂಸ್' ಎನ್ನುತ್ತಾರೆ. ವಿಶ್ರಾಂತಿ, ಸಮಾಧಾನದ ಮಾತು ಸಿಕ್ಕರೆ ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಹೋಗುತ್ತದೆ.

*ಎರಡು ವಾರ ಕಳೆದರೂ ಹೋಗದಿದ್ದರೆ*

ಅದು ಖಿನ್ನತೆ ಇರಬಹುದು. ಹೆರಿಗೆಯಾಗಿ ಹಲವು ತಿಂಗಳ ನಂತರವೂ ಶುರುವಾಗಬಹುದು. ಈ ಲಕ್ಷಣಗಳನ್ನು ಗಮನಿಸಿ:

• ದಿನದ ಹೆಚ್ಚು ಹೊತ್ತು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
• ಮಗು ಮಲಗಿದರೂ ತನಗೆ ನಿದ್ದೆ ಬಾರದಿರುವುದು
• ಹಸಿವಿಲ್ಲದಿರುವುದು, ವಿಪರೀತ ಸುಸ್ತು
• ಮಗುವಿನ ಮೇಲೆ ಪ್ರೀತಿಯೇ ಬರುತ್ತಿಲ್ಲ, "ನಾನು ಒಳ್ಳೆಯ ತಾಯಿ ಅಲ್ಲ" ಎನ್ನಿಸುವುದು
• "ನಾನಿಲ್ಲದಿದ್ದರೇ ವಾಸಿ" ಎಂಬ ಯೋಚನೆ

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ಶೇ. 22ರಷ್ಟು ತಾಯಂದಿರಿಗೆ ಇದು ಕಾಡುತ್ತದೆ. ಅಂದರೆ ಐವರಲ್ಲಿ ಒಬ್ಬರಿಗೆ. ಇದು ಸೋಮಾರಿತನವಲ್ಲ, ಕೊಬ್ಬಲ್ಲ, ದೃಷ್ಟಿಯೂ ಅಲ್ಲ. ಮೊದಲೇ ಖಿನ್ನತೆ ಇದ್ದವರಿಗೆ, ಹೆರಿಗೆ ಕಷ್ಟವಾದವರಿಗೆ, ಮಗು ಐಸಿಯುನಲ್ಲಿ ಇದ್ದವರಿಗೆ, ಮನೆಯಲ್ಲಿ ಜಗಳ, ಹೊಡೆತ ಇರುವವರಿಗೆ, "ಮತ್ತೆ ಹೆಣ್ಣಾ?" ಎಂಬ ಮಾತು ಕೇಳಿದವರಿಗೆ ಅಪಾಯ ಹೆಚ್ಚು.

*ಮನೆಯವರು ಮಾಡಬೇಕಾದ್ದು*

"ನಾವೆಲ್ಲ ನಾಲ್ಕು ಹೆತ್ತಿಲ್ವಾ?" ಎಂಬ ಮಾತು ಬೇಡ. ಪಕ್ಕದಲ್ಲಿ ಕೂತು ಕೇಳಿ, ಅವಳು ಹೇಳಿದ್ದನ್ನು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಗಂಡಂದಿರೇ, ರಾತ್ರಿ ಒಂದು ಸರದಿ ನೀವು ಮಗು ನೋಡಿಕೊಂಡು ಅವಳಿಗೆ ನಾಲ್ಕೈದು ಗಂಟೆ ಒಂದೇ ನಿದ್ದೆ ಸಿಗುವಂತೆ ಮಾಡಿ. ಅದು ಚಿಕಿತ್ಸೆಗೆ ಬಹಳ ಸಹಾಯ.

*ಡಾಕ್ಟರ್ ಹತ್ತಿರ*

ಹೆರಿಗೆ ಮಾಡಿಸಿದ ಡಾಕ್ಟರಿಗೇ ಮೊದಲು ಹೇಳಿ. 10 ಪ್ರಶ್ನೆಗಳ 'ಎಡಿನ್‌ಬರೋ' ಪಟ್ಟಿಯಿಂದ ಅವರು ಅಂದಾಜು ಮಾಡಬಲ್ಲರು. ಅದು ಕನ್ನಡದಲ್ಲೂ ಇದೆ. ಥೈರಾಯ್ಡ್, ರಕ್ತಹೀನತೆಯೂ ಇಂಥದೇ ಸುಸ್ತು ತರುವುದರಿಂದ ರಕ್ತ ಪರೀಕ್ಷೆ ಮಾಡಿಸಿ. ಸ್ವಲ್ಪ ಮಟ್ಟಿನ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಮಾತ್ರೆ ಬೇಕಾದರೆ ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದಂಥವೂ ಇವೆ. ನೀವಾಗಿ ಶುರು ಮಾಡುವುದು, ನಿಲ್ಲಿಸುವುದು ಎರಡೂ ಬೇಡ.

ಹಿಂದಿ, ಮರಾಠಿ, ತಮಿಳಿನಲ್ಲಿ ಮನಸ್ಸಿನ ಮಾತು ಹೇಳಲು ಬರುವುದಿಲ್ಲವೇ? ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416* ಉಚಿತ, ದಿನದ 24 ಗಂಟೆಯೂ ಇದೆ. ಕನ್ನಡದಲ್ಲೇ ಮಾತಾಡಬಹುದು.

*ಒಂದು ದಿನವೂ ಕಾಯಬೇಡಿ*

ಬಾಣಂತಿ ದಿನಗಟ್ಟಲೆ ನಿದ್ದೆ ಮಾಡದೆ ಓಡಾಡಿದರೆ, ಅಸಂಬದ್ಧ ಮಾತಾಡಿದರೆ, ಇಲ್ಲದ ದನಿ ಕೇಳಿಸುತ್ತದೆ ಎಂದರೆ, ತನಗೋ ಮಗುವಿಗೋ ಹಾನಿ ಮಾಡುವ ಮಾತಾಡಿದರೆ ಅದು ತುರ್ತು ಸ್ಥಿತಿ. ಹಿರಿಯರು 'ಬಾಣಂತಿ ಸನ್ನಿ' ಎನ್ನುತ್ತಿದ್ದರು. 1000 ಹೆರಿಗೆಗೆ ಒಂದೆರಡು ಕಡೆ ಬರುತ್ತದೆ. ಇಬ್ಬರನ್ನೂ ಒಂಟಿಯಾಗಿ ಬಿಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ.

ತಂಗೀ, ಇದನ್ನು ಓದುತ್ತಿರುವವಳು ನೀನೇ ಆಗಿದ್ದರೆ, ತಪ್ಪು ನಿನ್ನದಲ್ಲ. ಇದು ವಾಸಿಯಾಗುವ ಕಾಯಿಲೆ. ಇವತ್ತೇ ಒಬ್ಬರಿಗೆ ಹೇಳು.

ನಿಮ್ಮ ಬಳಗದಲ್ಲಿ ಹೊಸ ಬಾಣಂತಿ ಇದ್ದರೆ ಇದನ್ನು ಅವರ ಮನೆಯವರಿಗೆ ಕಳಿಸಿ. ಕಳಿಸಿದ ಮೇಲೆ ಒಂದು ಫೋನೂ ಮಾಡಿ.