ನಮ್ಮ ಅಂಗಡಿಯ ತಂತಿ, ಜಿಂಕೆಯ ಕೊರಳು

ವಯನಾಡಿನಲ್ಲಿ ಕಾಡಿಗೂ ಮನೆಯಂಗಳಕ್ಕೂ ನಡುವೆ ಎಷ್ಟೋ ಕಡೆ ಒಂದು ಬೇಲಿ ಮಾತ್ರ. 344 ಚದರ ಕಿ.ಮೀ. ಅಭಯಾರಣ್ಯದಿಂದ ಜಿಂಕೆ, ಕಡವೆಗಳು ರಾತ್ರಿ ಕಾಫಿತೋಟ ದಾಟಿ ಹಿತ್ತಲಿಗೆ ಬರುತ್ತವೆ. ಕಳ್ಳಬೇಟೆಯವರಿಗೆ ಬಿಲ್ಲು, ಬಂದೂಕು ಬೇಡ. ಬೇಲಿಯ ಸಂದಿನಲ್ಲಿ ಸೈಕಲ್ ಬ್ರೇಕ್ ತಂತಿಯ ಉರುಲು ಸಾಕು. ಸದ್ದಿಲ್ಲ, ನೆರೆಮನೆಗೂ ತಿಳಿಯದು. ಪ್ರಾಣಿ ಜಗ್ಗಿದಷ್ಟೂ ಉರುಲು ಬಿಗಿಯುತ್ತದೆ.

ನನ್ನದು ಹಾರ್ಡ್‌ವೇರ್, ಸೈಕಲ್ ಸಾಮಾನಿನ ಅಂಗಡಿ. ಹಿಂದೊಮ್ಮೆ ಗಿರಾಕಿಯೊಬ್ಬ ಎರಡು ಡಜನ್ ಬ್ರೇಕ್ ತಂತಿ ಕೇಳಿದ. ಅವನಿಗೆ ರಿಪೇರಿ ಕೆಲಸವಿಲ್ಲವೆಂದು ಗೊತ್ತಿದ್ದೂ ಕೊಟ್ಟೆ. ಕೆಲವು ದಿನಗಳ ಮೇಲೆ ನಮ್ಮ ಬೀದಿಯ ಹಿಂದಿನ ತೋಟದಲ್ಲೇ ಉರುಲಿಗೆ ಸಿಕ್ಕಿ ಸತ್ತ ಹೆಣ್ಣು ಜಿಂಕೆಯನ್ನು ಕಂಡೆ. ತಂತಿ ಹೊಸದು. ನನ್ನ ಅಂಗಡಿಯದೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಲು ಒಡ್ಡುವ ಪ್ರಯತ್ನವೂ ಬೇಟೆಯೇ. ಸ್ವಂತ ಹಿತ್ತಲಿನಲ್ಲಾದರೂ ಅಪರಾಧ. ನಮ್ಮ ಶಾಸ್ತ್ರ ಇನ್ನೂ ಮುಂದೆ ಹೋಗುತ್ತದೆ. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದೇ ‘ಹಿಂಸಾದಾನ’. ಅನರ್ಥದಂಡ ವ್ರತದಲ್ಲಿ ಶ್ರಾವಕನು ಬಿಡಬೇಕಾದದ್ದು. ಭಗವಾನ್ ಶಾಂತಿನಾಥರ ಲಾಂಛನವೇ ಜಿಂಕೆಯಲ್ಲವೇ?

ವ್ಯಾಪಾರಿ ಬಂಧುಗಳೇ, ತಂತಿ ಮಾರುವುದು ತಪ್ಪಲ್ಲ. “ಇಷ್ಟೊಂದು ಯಾತಕ್ಕಪ್ಪಾ?” ಎಂದು ಕೇಳದಿರುವುದು ತಪ್ಪು. ನಾನೀಗ ಕೇಳುತ್ತೇನೆ, ಉತ್ತರ ಸರಿಯಿಲ್ಲದಿದ್ದರೆ ಕೊಡುವುದಿಲ್ಲ. ಬೇಲಿಯಲ್ಲಿ ಉರುಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿರಿ. ಒಂದು ಗಿರಾಕಿ ಹೋದರೆ ಹೋಗಲಿ, ಒಂದು ಜೀವ ಉಳಿಯಲಿ.