ನಿತ್ಯಕರ್ಮದ ಅಳತೆ: ಪುನಶ್ಚೇತನ ಚಿಕಿತ್ಸೆಯಲ್ಲಿ ಸ್ವಾವಲಂಬನೆಯ ಮಾನದಂಡಗಳು

ಮೀಯುವುದು, ಉಡುವುದು, ಉಣ್ಣುವುದು, ಬಯಲಕಡೆಗೆ ಹೋಗಿಬರುವುದು ಇವೆಲ್ಲ ಜಾನಪದ ಅಧ್ಯಯನದಲ್ಲಿ ಆಚರಣೆ, ಮಡಿ-ಮೈಲಿಗೆ, ಭೌತಿಕ ಸಂಸ್ಕೃತಿ ಎಂಬ ಶೀರ್ಷಿಕೆಗಳಡಿ ಚರ್ಚೆಗೊಳಗಾಗುವ ಸಂಗತಿಗಳು. ಇವನ್ನೇ ವೈದ್ಯವಿಜ್ಞಾನವು ಅಂಕಗಳಲ್ಲಿ ಅಳೆಯುತ್ತದೆ. ಪಾರ್ಶ್ವವಾಯು, ಸೊಂಟದ ಮೂಳೆಮುರಿತ ಮೊದಲಾದವುಗಳಿಂದ ಚೇತರಿಸಿಕೊಳ್ಳುವವರ ವಿಷಯದಲ್ಲಿ ರೋಗದ ಹೆಸರಿಗಿಂತ, ಅವರು ತಮ್ಮ ದಿನಚರಿಯನ್ನು ತಾವೇ ಎಷ್ಟರಮಟ್ಟಿಗೆ ನಡೆಸಬಲ್ಲರು ಎಂಬ ಪ್ರಶ್ನೆ ಮುಖ್ಯವಾದುದರಿಂದ ಈ ಮಾಪನಗಳು ರೂಪುಗೊಂಡವು.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂಚಿಯು ಸ್ನಾನ, ಉಡುಪು, ಶೌಚಗೃಹದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಮಲಮೂತ್ರ ನಿಯಂತ್ರಣ, ಊಟ ಎಂಬ ಆರು ಕ್ರಿಯೆಗಳನ್ನು ಪರಿಗಣಿಸಿತು. ಚೇತರಿಕೆಯಲ್ಲಿ ಈ ಶಕ್ತಿಗಳು ಮರಳುವ ಕ್ರಮವು ಮಕ್ಕಳು ಅವನ್ನು ಕಲಿಯುವ ಕ್ರಮವನ್ನು ಹೋಲುತ್ತದೆ ಎಂಬುದು ಅವರ ಗಮನಾರ್ಹ ಶೋಧ. ಆದರೆ ಅವರು ಅಲ್ಲಿಗೇ ನಿಲ್ಲದೆ ‘ಆದಿಮ’ ಜನರ ನಡವಳಿಕೆಯೊಡನೆಯೂ ಸಾಮ್ಯ ಕಂಡು, ತಮ್ಮ ಸೂಚಿಗೆ ಜೈವಿಕ ತಳಹದಿಯಿದೆ ಎಂದು ಸೂಚಿಸಿದರು. ಮಗುವನ್ನೂ ‘ಆದಿಮ’ನನ್ನೂ ಒಂದೇ ಮೆಟ್ಟಿಲಲ್ಲಿ ನಿಲ್ಲಿಸುವ ಈ ವಾದ 19ನೆಯ ಶತಮಾನದ ವಿಕಾಸವಾದಿ ಮಾನವಶಾಸ್ತ್ರದ ಉಳಿಕೆ. ಅದನ್ನು ವೈದ್ಯಕೀಯ ಪ್ರಬಂಧವೊಂದರಲ್ಲಿ ಕಂಡಾಗ ಜಾನಪದ ವಿದ್ಯಾರ್ಥಿಗೆ ಅಚ್ಚರಿಯಾಗದಿರದು.

1965ರಲ್ಲಿ ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ಥೆಲ್ ಹತ್ತು ಅಂಶಗಳ, 100 ಅಂಕಗಳ ಸೂಚಿಯನ್ನು ಪ್ರಕಟಿಸಿದರು. ನೂರು ಅಂಕ ಪಡೆದವರೂ ಒಂಟಿಯಾಗಿ ಬಾಳಬಲ್ಲರೆಂದು ಅರ್ಥವಲ್ಲ ಎಂದು ಅವರೇ ಎಚ್ಚರಿಸಿದ್ದಾರೆ. ಅಡುಗೆ, ಖರೀದಿ, ಹಣಕಾಸು, ಔಷಧಿ ಸೇವನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಲಾಟನ್ ಮತ್ತು ಬ್ರಾಡಿಯವರ 1969ರ ಮಾಪನವು ಈ ಕೊರತೆಯನ್ನು ತುಂಬಿತು. ಆದರೆ ಅದರಲ್ಲಿ ಅಡುಗೆ, ಮನೆಗೆಲಸ, ಬಟ್ಟೆ ಒಗೆತಗಳಿಗೆ ಗಂಡಸರಿಗೆ ಅಂಕವನ್ನೇ ಇಟ್ಟಿರಲಿಲ್ಲ! ಒಂದು ಸಮಾಜದ ಶ್ರಮವಿಭಜನೆ ಹೇಗೆ ಸದ್ದಿಲ್ಲದೆ ವಿಜ್ಞಾನದ ಕೋಷ್ಟಕದೊಳಗೆ ನುಸುಳುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. 1980ರ ದಶಕದಲ್ಲಿ 18 ಅಂಶಗಳ, ಏಳು ಹಂತಗಳ ‘ಫಿಮ್’ ಮಾಪನ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ವ್ಯಕ್ತಿಯ ಸಾಮರ್ಥ್ಯ ಬೇರೆ, ತನ್ನ ಪರಿಸರದಲ್ಲಿ ಆತ ವಾಸ್ತವವಾಗಿ ಮಾಡುವುದು ಬೇರೆ ಎಂದು ಗುರುತಿಸಿತು. ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಈ ಭೇದವೇ.

ಏಕೆಂದರೆ ಪರಿಸರವೆಂದರೆ ಕೇವಲ ಮೆಟ್ಟಿಲು, ಬಾಗಿಲುಗಳಲ್ಲ. ಬಾರ್ಥೆಲ್ ಸೂಚಿಯ ಊಟದ ವಿವರಣೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುವುದು ಸೇರಿದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಅನ್ನಸಾರು ಕಲಸುವುದು ಇಲ್ಲ. ಕುಕ್ಕರುಗಾಲಿನಲ್ಲಿ ಕೂತು ಏಳುವುದು, ಹಂಡೆಯಿಂದ ಬಿಸಿನೀರು ತೋಡಿಕೊಳ್ಳುವುದು, ಸೀರೆಯ ನೆರಿಗೆ ಹಿಡಿಯುವುದು ಇವೂ ಕಲಿತ ದೇಹಕೌಶಲಗಳೇ. ಭಾರತದಲ್ಲಿ ಈ ದಿಕ್ಕಿನ ಒಂದು ಪ್ರಯತ್ನವನ್ನು ಇಲ್ಲಿ ಸ್ಮರಿಸಬೇಕು. ಹರಿಯಾಣದ ಬಲ್ಲಭಗಡ ಭಾಗದ ಅನಕ್ಷರಸ್ಥ ವೃದ್ಧರಲ್ಲಿ ಮರೆವಿನ ಕಾಯಿಲೆಯನ್ನು ಗುರುತಿಸಲು ರೂಪಿಸಿ 1999ರಲ್ಲಿ ಪ್ರಕಟಿಸಿದ ಮಾಪನವು ಮುಖ್ಯ ಹಬ್ಬಗಳ ನೆನಪನ್ನೂ, ಮದುವೆಯಂತಹ ಮನೆವಾರ್ತೆಯಲ್ಲಿ ಅಭಿಪ್ರಾಯ ಹೇಳುವುದನ್ನೂ ಕೇಳುತ್ತದೆ.

ಬಲಗೈ ಊಟಕ್ಕೆ, ಎಡಗೈ ಶೌಚಕ್ಕೆ ಎಂಬ ಲೋಕರೂಢಿಗೆ ಮಾತ್ರ ಈ ಸೂಚಿಗಳಲ್ಲಿ ಇನ್ನೂ ಸ್ಥಳವಿಲ್ಲ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಭೇಟಿಯಾದ ವೃದ್ಧೆಯೊಬ್ಬರ ಬಲಗೈ ಪಾರ್ಶ್ವವಾಯುವಿನಿಂದ ಸ್ವಾಧೀನ ತಪ್ಪಿತ್ತು. ಮನೆಯಲ್ಲಿ ಯಾರ ನೆರವೂ ಇಲ್ಲದೆ ಎಡಗೈಯಲ್ಲಿ ಉಣ್ಣುತ್ತಿದ್ದ ಆಕೆ, ಮದುವೆಮನೆಯಲ್ಲಿ ಪಂಕ್ತಿ ಎದ್ದು ಎಲೆ ತೆಗೆದ ಮೇಲೆ ಹಿತ್ತಿಲ ಜಗಲಿಯಲ್ಲಿ ಕೂತು ಉಂಡರು. ಬಾರ್ಥೆಲ್ ಸೂಚಿಯಲ್ಲಿ ಊಟದ ಎದುರು ಆಕೆಗೆ ಸಲ್ಲುವುದು ಪೂರ್ಣ 10 ಅಂಕ.