ಮನೆಗಾಡಿಯ ಎರಡು ಸಿಲಿಂಡರುಗಳು

ಕಳೆದ ಡಿಸೆಂಬರಿನಲ್ಲಿ ನಾವು ಮಿತ್ರರೊಬ್ಬರ ಮನೆಗಾಡಿಯಲ್ಲಿ ಮೂಡಬಿದಿರೆಯಿಂದ ಹೊರಟು, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿಗಳ ಮಾರ್ಗವಾಗಿ ಚಾರ್ಮಾಡಿಯ ತಪ್ಪಲನ್ನು ಸೇರಿ ಅಲ್ಲಿ ರಾತ್ರಿ ತಂಗಿದೆವು. ಮಲಗಲು ಮಂಚ, ಅಡುಗೆಗೆ ಒಲೆ, ನೀರಿಗೆ ತೊಟ್ಟಿ ಇವೆಲ್ಲವನ್ನೂ ಒಳಗೊಂಡ ಮೋಟಾರು ವಾಹನವೇ ಮನೆಗಾಡಿ. ಕ್ಯಾರವಾನ್ ಎಂಬುದು ಅದರ ಇನ್ನೊಂದು ಹೆಸರು. ಮರುದಿನ ಬೆಳಗ್ಗೆ ಕುಚ್ಚಲಕ್ಕಿಯ ಗಂಜಿ ಅರ್ಧ ಬೆಂದಿರುವಾಗಲೇ ಒಲೆ ಆರಿಹೋಯಿತು. ಗಾಡಿಯಲ್ಲಿದ್ದುದು ಒಂದಲ್ಲ, ಎರಡು ಸಿಲಿಂಡರು. ಒಂದು ಮುಗಿದೊಡನೆ ಇನ್ನೊಂದರಿಂದ ಅನಿಲವು ತಾನಾಗಿಯೇ ಹರಿಯುವಂತೆ ಮಾಡುವ ಸಾಧನವೂ ಇದ್ದಿತು. ಆದರೂ ಎರಡೂ ಬರಿದಾಗಿದ್ದುವು! ಜೊತೆಗಿದ್ದ ವೃದ್ಧರೊಬ್ಬರು ಔಷಧಕ್ಕೆ ಮೊದಲು ಗಂಜಿ ಕುಡಿಯಬೇಕಾಗಿದ್ದಿತು. ಹತ್ತಿರದ ಮನೆಯವರ ಸೌದೆಯ ಒಲೆ ನಮ್ಮನ್ನು ಕಾಪಾಡಿತು.

ಸಾಧನವು ಕೆಟ್ಟಿದ್ದಿತೆ? ಇಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಿತು, ತಪ್ಪಿದವರು ನಾವು. ಅದು ಹೇಗೆಂಬುದನ್ನು ತಿಳಿಯಲು ಮೊದಲು ಸಿಲಿಂಡರಿನ ಒಳಗೆ ನಡೆಯುವುದೇನೆಂಬುದನ್ನು ನೋಡೋಣ.

ಅಡುಗೆ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳ ಮಿಶ್ರಣ. ಒತ್ತಡದಲ್ಲಿ ಇವು ದ್ರವರೂಪವನ್ನು ತಾಳುತ್ತವೆ. ಸಿಲಿಂಡರಿನ ತಳದಲ್ಲಿ ದ್ರವ, ಮೇಲೆ ಅದರ ಆವಿ. ಒಲೆಗೆ ಹೋಗುವುದು ಈ ಆವಿ ಮಾತ್ರ. ಆವಿ ಹೊರಹೋದಂತೆಲ್ಲ ದ್ರವವು ಆವಿಯಾಗಿ ಆ ಸ್ಥಾನವನ್ನು ತುಂಬುತ್ತದೆ. ಈ ಆವಿಯ ಒತ್ತಡವು ದ್ರವದ ಪ್ರಮಾಣವನ್ನು ಅವಲಂಬಿಸಿಲ್ಲ. ಅದು ದ್ರವದ ಸ್ವಭಾವವನ್ನೂ ಉಷ್ಣತೆಯನ್ನೂ ಅವಲಂಬಿಸಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೊಪೇನಿನ ಆವಿಯ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 10.5 ಪಟ್ಟು, ಬ್ಯೂಟೇನಿನದು ಸುಮಾರು 2.8 ಪಟ್ಟು. ಪ್ರೊಪೇನ್ ಬೇಗ ಆವಿಯಾಗುವುದರಿಂದ ಮಿಶ್ರಣದ ಒತ್ತಡವು ಬಳಕೆಯೊಡನೆ ತುಸು ಇಳಿಯುವುದುಂಟು. ಆದರೂ ಅರ್ಧ ತುಂಬಿದ ಸಿಲಿಂಡರಿಗೂ ಕೊನೆಯ ಒಂದು ಸೇರಿನಷ್ಟು ದ್ರವ ಉಳಿದಿರುವ ಸಿಲಿಂಡರಿಗೂ ಇರುವ ಅಂತರವನ್ನು ಒತ್ತಡಮಾಪಕವನ್ನು ನೋಡಿ ಹೇಳಲಾಗದು. ದ್ರವವು ಪೂರ್ತಿಯಾಗಿ ತೀರಿದ ಬಳಿಕವೇ ಒತ್ತಡವು ಸರ್ರನೆ ಕುಸಿಯುತ್ತದೆ. ಅನಿಲವು ಮುನ್ಸೂಚನೆಯನ್ನೇ ಕೊಡದೆ ಮುಗಿಯುವುದರ ರಹಸ್ಯ ಇದೇ.

ಈ ಕುಸಿತವನ್ನೇ ಸಂಕೇತವಾಗಿ ಬಳಸಿಕೊಳ್ಳುವುದು ನಮ್ಮ ಸಾಧನದ ಜಾಣ್ಮೆ. ಇದಕ್ಕೆ ವಿದ್ಯುಚ್ಛಕ್ತಿ ಬೇಡ. ಇದರ ತತ್ವವನ್ನು ತೋಟದ ನೀರಿನ ತೊಟ್ಟಿಯೊಂದರಿಂದ ತಿಳಿಯಬಹುದು. ಒಂದೇ ತೊಟ್ಟಿಗೆ ಬಾವಿಯಿಂದೊಂದು, ಕೆರೆಯಿಂದೊಂದು ಕೊಳವೆ ಬಂದಿರಲಿ. ಎರಡರ ಬಾಯಿಗೂ ತೇಲುಚೆಂಡಿನ ನಲ್ಲಿಯಿರಲಿ. ಬಾವಿಯ ಚೆಂಡನ್ನು ತುಸು ಎತ್ತರಕ್ಕೂ ಕೆರೆಯ ಚೆಂಡನ್ನು ಒಂದು ಗೇಣು ಕೆಳಕ್ಕೂ ಹೊಂದಿಸಿದರೆ ಏನಾಗುವುದು? ಬಾವಿಯ ನೀರು ಬರುತ್ತಿರುವವರೆಗೆ ಮಟ್ಟವು ಮೇಲೆಯೇ ನಿಂತು ಕೆರೆಯ ನಲ್ಲಿ ಮುಚ್ಚಿಕೊಂಡೇ ಇರುವುದು. ಬಾವಿ ಬತ್ತಿ ಮಟ್ಟವು ಒಂದು ಗೇಣು ಇಳಿದಾಗ ಕೆರೆಯ ನಲ್ಲಿ ತಾನಾಗಿ ತೆರೆಯುವುದು. ತೊಟ್ಟಿಯ ನೀರನ್ನು ಬಳಸುವವನಿಗೆ ಈ ಬದಲಾವಣೆ ತಿಳಿಯುವುದೇ ಇಲ್ಲ.

ಸಾಧನದಲ್ಲಿ ನೀರಿನ ಮಟ್ಟಕ್ಕೆ ಬದಲು ಅನಿಲದ ಒತ್ತಡ, ತೇಲುಚೆಂಡಿಗೆ ಬದಲು ಸ್ಪ್ರಿಂಗು ಮತ್ತು ರಬ್ಬರಿನ ಪೊರೆ. ಎರಡು ಸಿಲಿಂಡರುಗಳಿಗೂ ಒಂದೊಂದು ಕವಾಟವಿದೆ. ಬಳಕೆಯ ಸಿಲಿಂಡರಿನ ಕಡೆಯ ಸ್ಪ್ರಿಂಗು ಹೆಚ್ಚು ಬಿಗಿ. ಮೀಸಲು ಸಿಲಿಂಡರಿನ ಕಡೆಯದು ಸಡಿಲ. ಆದ್ದರಿಂದ ಮೊದಲನೆಯದರ ಒತ್ತಡವು ಕುಸಿದ ಮೇಲೆಯೇ ಎರಡನೆಯ ಕವಾಟ ತೆರೆದುಕೊಳ್ಳುತ್ತದೆ. ಮುಂದಿರುವ ಇನ್ನೊಂದು ನಿಯಂತ್ರಕವು ಒತ್ತಡವನ್ನು ಒಲೆಗೆ ತಕ್ಕಷ್ಟು, ಅಂದರೆ ಸುಮಾರು 30 ಸೆಂಟಿಮೀಟರು ಎತ್ತರದ ನೀರಿನ ಒತ್ತಡದಷ್ಟಕ್ಕೆ ಇಳಿಸುತ್ತದೆ. ಬದಲಾವಣೆಯಾದೊಡನೆ ಸಾಧನದ ಮೇಲಿನ ಪುಟ್ಟ ಗುರುತು ಹಸಿರಿನಿಂದ ಕೆಂಪಿಗೆ ತಿರುಗುತ್ತದೆ. ಹಿಡಿಯನ್ನು ತಿರುವಿದರೆ ಮೀಸಲಿನದು ಬಳಕೆಯದಾಗುತ್ತದೆ.

ನಮ್ಮ ಪ್ರಮಾದವು ಈಗ ವಾಚಕರಿಗೆ ಹೊಳೆದಿರಬಹುದು. ಮೊದಲ ಸಿಲಿಂಡರು ಹಿಂದಿನ ಪ್ರವಾಸದಲ್ಲಿಯೇ ಮುಗಿದಿದ್ದಿತು. ಕೆಂಪು ಗುರುತೂ ಮೂಡಿದ್ದಿತು. ಆದರೆ ಅದು ಗಾಡಿಯ ಹೊರಬದಿಯ ಪೆಟ್ಟಿಗೆಯೊಳಗೆ. ಯಾರೂ ಬಾಗಿಲನ್ನು ತೆರೆದು ನೋಡಲಿಲ್ಲ. ಒಂದೇ ಸಿಲಿಂಡರಿದ್ದಾಗ ಒಲೆ ಆರುವುದೇ ನಮಗೆ ಬರುವ ಓಲೆ. ಸಾಧನವು ಆ ಓಲೆಯನ್ನು ಒಲೆಯ ಬಳಿಯಿಂದ ಒಯ್ದು ಪೆಟ್ಟಿಗೆಯೊಳಗೆ ಇಟ್ಟಿತು. ಓದದವನ ಪಾಲಿಗೆ ಎರಡು ಸಿಲಿಂಡರುಗಳು ಸೇರಿ ಒಂದೇ ದೊಡ್ಡ ಸಿಲಿಂಡರಾದಂತೆ. ಮೀಸಲು ಎಂಬುದೇ ಉಳಿಯದು.

ಕೆಂಪು ಗುರುತು ಕೆಲವೊಮ್ಮೆ ಅವಸರಪಡುವುದೂ ಉಂಟು. 1 ಕಿಲೋಗ್ರಾಂ ದ್ರವವು ಆವಿಯಾಗಲು ಬೇಕಾದ ಗುಪ್ತೋಷ್ಣವು ಸುಮಾರು 8 ಲೀಟರು ನೀರನ್ನು 10 ಡಿಗ್ರಿಯಷ್ಟು ತಣಿಸಬಲ್ಲುದು. ಈ ಉಷ್ಣವು ಸಿಲಿಂಡರಿನಿಂದಲೂ ಸುತ್ತಣ ಗಾಳಿಯಿಂದಲೂ ಬರಬೇಕು. ಮದುವೆಯ ಅಡುಗೆಮನೆಗಳಲ್ಲಿ ದೊಡ್ಡ ಒಲೆಗಳು ಉರಿಯುವಾಗ ಸಿಲಿಂಡರಿನ ಕೆಳಭಾಗ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಹೀಗೆ ತಣಿದಾಗ ಒಳಗೆ ದ್ರವವಿದ್ದರೂ ಒತ್ತಡವು ಇಳಿಯುತ್ತದೆ. ಘಟ್ಟದ ಮುಂಜಾವಿನ ಚಳಿಯೂ ಇದಕ್ಕೆ ನೆರವಾಗುತ್ತದೆ. ಆಗ ಸಾಧನವು ಮೀಸಲಿನತ್ತ ತಿರುಗಬಹುದು. ಸಿಲಿಂಡರು ಬೆಚ್ಚಗಾದ ಮೇಲೆ ಮತ್ತೆ ಹಿಂದಿರುಗಬಹುದು. ಆದುದರಿಂದ ಒಂದು ಸಣ್ಣ ಒಲೆ ಮಾತ್ರ ಉರಿಯುತ್ತಿರುವಾಗಲೂ ಗುರುತು ಕೆಂಪಾಗಿಯೇ ಇದ್ದರೆ ಮಾತ್ರ ಸಿಲಿಂಡರು ಬರಿದಾಗಿದೆಯೆಂದು ತಿಳಿಯಬೇಕು. ಸಂದೇಹವಿದ್ದರೆ ತಕ್ಕಡಿಯೇ ಪ್ರಮಾಣ. ಬರಿಯ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ. ಅದು 15.5 ಕಿಲೋಗ್ರಾಂ ಎಂದಿದ್ದು ತಕ್ಕಡಿಯು 18.5 ತೋರಿದರೆ ಇನ್ನೂ 3 ಕಿಲೋಗ್ರಾಂ ಅನಿಲ ಉಳಿದಿದೆಯೆಂದರ್ಥ. ಅನಿಲವನ್ನು ಹೊರಡಿಸಲು ಸಿಲಿಂಡರನ್ನು ಬೆಂಕಿಯ ಬಳಿ ಕಾಯಿಸುವುದಾಗಲಿ ಅಡ್ಡ ಮಲಗಿಸುವುದಾಗಲಿ ಸರ್ವಥಾ ಕೂಡದು. ಮಲಗಿಸಿದರೆ ಆವಿಗೆ ಬದಲು ದ್ರವವೇ ಕೊಳವೆಗೆ ನುಗ್ಗಿ, ಸುಮಾರು 250 ಪಟ್ಟು ಹಿಗ್ಗುತ್ತದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಕೊಳವೆ ತುಂಡಾಗಿ ಅನಿಲ ಸೋರಿದರೂ ಒತ್ತಡವು ಕುಸಿಯುವುದಷ್ಟೆ? ಬರಿಯ ಸ್ಪ್ರಿಂಗು, ಪೊರೆಗಳ ಸಾಧನವು ಬರಿದಾದುದಕ್ಕೂ ಸೋರಿದುದಕ್ಕೂ ಭೇದವನ್ನು ಅರಿಯದು. ಅದು ಎರಡನೆಯ ಸಿಲಿಂಡರನ್ನೂ ತೆರೆದುಕೊಡುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಅನಿಲವು ಮೇಲೇರದೆ ನೆಲವನ್ನು ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಸೇರಿದರೆ ಒಂದು ಕಿಡಿ ಸಾಕು. 2013ರ ಏಪ್ರಿಲಿನಲ್ಲಿ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಅನಿಲದ ಟ್ಯಾಂಕರು ಉರುಳಿ, ಬೆಂಕಿ ಹೊತ್ತಿ, ಹಲವರು ಪ್ರಾಣ ತೆತ್ತುದನ್ನು ಈ ಸೀಮೆಯವರು ಮರೆತಿಲ್ಲ. ಸಿಲಿಂಡರು ಚಿಕ್ಕದಾದರೂ ಅನಿಲದ ಗುಣ ಅದೇ. ಆದ್ದರಿಂದ ಮನೆಗಾಡಿಯಲ್ಲಿ ಸಿಲಿಂಡರಿನ ಪೆಟ್ಟಿಗೆಯು ವಾಸದ ಕೋಣೆಯಿಂದ ಪೂರ್ತಿಯಾಗಿ ಬೇರೆಯಾಗಿರಬೇಕು. ಅದರ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರಬೇಕು. ಸಿಲಿಂಡರುಗಳು ನೆಟ್ಟಗೆ ನಿಂತು ಅಲುಗದಂತೆ ಬಿಗಿದಿರಬೇಕು. ಗಾಡಿ ಚಲಿಸುವಾಗ ಎರಡರ ನಲ್ಲಿಗಳನ್ನೂ ಮುಚ್ಚಿಡುವುದು ಒಳ್ಳೆಯದು.

ಅಂದಿನಿಂದ ನಮ್ಮ ಮಿತ್ರರು ಒಂದು ನಿಯಮವನ್ನು ಮಾಡಿಕೊಂಡಿದ್ದಾರೆ. ಬೆಳಗ್ಗೆ ಒಲೆ ಹೊತ್ತಿಸುವ ಮುನ್ನ ಪೆಟ್ಟಿಗೆಯ ಬಾಗಿಲನ್ನು ತೆರೆದು ಮೂಸಿ ನೋಡುವುದು. ಗಂಜಿ ಕುದಿಯತೊಡಗಿದ ಮೇಲೆ ಉರಿಯನ್ನು ತಗ್ಗಿಸಿ ಗುರುತಿನ ಬಣ್ಣವನ್ನು ನೋಡುವುದು. ಕೆಂಪಾಗಿದ್ದರೆ ಹಿಡಿಯನ್ನು ತಿರುವಿ, ಮುಂದಿನ ಊರಿನಲ್ಲಿಯೇ ಬರಿದಾದುದನ್ನು ಬದಲಿಸುವುದು. ಇದಕ್ಕೆ ಹಿಡಿಯುವ ಕಾಲ ಒಂದು ನಿಮಿಷ. ಮೀಸಲು ಸಿಲಿಂಡರು ಮೀಸಲಾಗಿ ಉಳಿಯುವುದು ಈ ಒಂದು ನಿಮಿಷದಿಂದಲೇ.